ಜರ್ಮನಿಗೆ ನರ್ಸ್ ಕೆಲಸಕ್ಕೆ ಹೊರಟ ತಂಗಿ, ಆಮೇಲೆ ಹೋಗುವ ಭಾವ ಮತ್ತು ಮಗು: ಅಲ್ಲಿನ ಸಾರ್ವಜನಿಕ ಆರೋಗ್ಯ ವಿಮೆ ಹೇಗೆ ಮಾಡಿಸುವುದು?

ಗೋಣಿಕೊಪ್ಪಲಿನವ:
ಎಲ್ಲರಿಗೂ ನಮಸ್ಕಾರ. ತಂಗಿಗೆ ಜರ್ಮನಿಯ ಲೈಪ್ಸಿಗ್‌ನಲ್ಲಿ ನರ್ಸ್ ಕೆಲಸ ಸಿಕ್ಕಿದೆ. ಡಿಗ್ರಿಗೆ ಅಲ್ಲಿ ಪೂರ್ತಿ ಮಾನ್ಯತೆ ಬರುವವರೆಗೆ ಸಹಾಯಕಿಯಾಗಿ ದುಡಿಯಬೇಕು, ಸಂಬಳ ತಿಂಗಳಿಗೆ 2,800 ಯೂರೋ, ಕಡಿತಕ್ಕೆ ಮೊದಲಿನ ಲೆಕ್ಕ. ವಿಮಾನ ಇಳಿದ ಎರಡು ವಾರಕ್ಕೆ ಕೆಲಸ ಶುರು. ಭಾವ ಪೊನ್ನಂಪೇಟೆ ಹತ್ತಿರ ಕಾಫಿ ತೋಟ ನೋಡಿಕೊಳ್ಳುತ್ತಾರೆ. ಕೊಯ್ಲು ಮುಗಿಸಿ ಮಾರ್ಚಿನ ಹೊತ್ತಿಗೆ ಆರು ವರ್ಷದ ಮಗಳ ಜೊತೆ ಅವರೂ ಹೊರಡುವ ಯೋಚನೆ. ಅಮ್ಮನಿಗೆ 64, ಶುಗರ್ ಮತ್ತು ಬಿಪಿ ಇದೆ. ಮುಂದೆ ಒಮ್ಮೆ ಹೋಗಿ ಇದ್ದು ಬರಬೇಕೆಂದು ಆಸೆ.

ಕೆಲಸ ಕೊಡಿಸಿದ ಏಜೆಂಟ್ ತಿಂಗಳಿಗೆ 65 ಯೂರೋದ ಒಂದು ಪ್ರೈವೇಟ್ ಪಾಲಿಸಿ ತೋರಿಸಿ, "ಸಾರ್ವಜನಿಕ ವಿಮೆಗೆ ಸಂಬಳದಲ್ಲಿ ತುಂಬಾ ಕಡಿತ, ಇದೇ ಸಾಕು" ಅನ್ನುತ್ತಿದ್ದಾರೆ. ಇದು ಸರಿಯಾ? ಸಾರ್ವಜನಿಕ ವಿಮೆಗೆ ಯಾವಾಗ, ಯಾರಿಗೆ ಅರ್ಜಿ ಹಾಕಬೇಕು? ಗಂಡ, ಮಗು, ಅಮ್ಮ ಅದರೊಳಗೆ ಬರುತ್ತಾರಾ? ಇಲ್ಲಿಂದಲೇ ಹೊಂದಿಸಿಕೊಂಡು ಹೋಗಬೇಕಾದ ಕಾಗದ ಯಾವುದು?

---

ಮಡಿಕೇರಿ ಪೇಟೆ:
65 ಯೂರೋದ ಪಾಲಿಸಿ ಸಾಕು ಎನ್ನುವುದು ತಪ್ಪು. ಅಣ್ಣ, ಇದರಲ್ಲಿ ನಿಮ್ಮ ತಂಗಿ ಆರಿಸಿಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ. ಜರ್ಮನಿಯಲ್ಲಿ ನೌಕರಿ ಮಾಡುವವರ ವಾರ್ಷಿಕ ಸಂಬಳ ಒಂದು ಮಿತಿಗಿಂತ ಕಡಿಮೆ ಇದ್ದರೆ ಸಾರ್ವಜನಿಕ ವಿಮೆ ಕಡ್ಡಾಯ. 2026ಕ್ಕೆ ಆ ಮಿತಿ 77,400 ಯೂರೋ. ತಂಗಿಯ ಸಂಬಳ ವರ್ಷಕ್ಕೆ 33,600. ಪಾಸ್‌ಪೋರ್ಟ್ ಯಾವ ದೇಶದ್ದಾದರೂ ನಿಯಮ ಇದೇ. ಏಜೆಂಟ್ ತೋರಿಸಿದ್ದು ಹೊಸದಾಗಿ ಬರುವವರಿಗೆಂದು ಮಾರುವ ತಾತ್ಕಾಲಿಕ ಪಾಲಿಸಿ. ಅದರಲ್ಲಿ ಹಳೆಯ ಕಾಯಿಲೆ, ಬಸಿರು–ಬಾಣಂತನ, ಹಲ್ಲಿನ ಚಿಕಿತ್ಸೆ ಇವುಗಳಿಗೆ ಸಾಮಾನ್ಯವಾಗಿ ಕತ್ತರಿ ಬಿದ್ದಿರುತ್ತದೆ. ಕೆಲಸಕ್ಕೆ ಸೇರಿದ ಮೇಲೂ ಅದನ್ನು ಕಟ್ಟುತ್ತಾ ಹೋದರೆ ಆ ದುಡ್ಡು ದಂಡ, ಸಂಬಳದಿಂದ ಸಾರ್ವಜನಿಕ ವಿಮೆಯ ಕಂತು ಹೇಗೂ ಕಡಿತ ಆಗುತ್ತದೆ.

ಹಾಗಂತ ಅಂಥ ಪಾಲಿಸಿ ಬೇಡವೇ ಬೇಡ ಅಂತಲೂ ಅಲ್ಲ. ಸಾರ್ವಜನಿಕ ವಿಮೆ ಶುರುವಾಗುವುದು ಕೆಲಸದ ಮೊದಲ ದಿನದಿಂದ, ವಿಮಾನ ಇಳಿದ ದಿನದಿಂದ ಅಲ್ಲ. ನಡುವಿನ ಎರಡು ವಾರಕ್ಕೆ ರಕ್ಷಣೆ ಬೇಕು, ವೀಸಾಕ್ಕೂ ಅದನ್ನು ತೋರಿಸಬೇಕು. ಆ ಅವಧಿಗೆ ಮಾತ್ರ ಸಾಲುವಷ್ಟು ತೆಗೆದುಕೊಳ್ಳಿ. ಕೆಲಸ ಶುರುವಾಗುವುದು ತಡವಾದರೆ ಮುಂದುವರಿಸಲು, ಬೇಗ ಶುರುವಾದರೆ ರದ್ದು ಮಾಡಲು ಬರುವಂಥದ್ದನ್ನೇ ನೋಡಿ.

ಕಾಂಟ್ರಾಕ್ಟ್‌ನಲ್ಲಿ ಒಂದು ವಿಷಯ ಈಗಲೇ ಓದಿ ನೋಡಿ. ಮೊದಲ ಕೆಲವು ತಿಂಗಳು ಸಂಬಳವಿಲ್ಲದೆ ಬರೀ ಭಾಷಾ ತರಬೇತಿ ಅಥವಾ ಪರೀಕ್ಷೆ ತಯಾರಿ ಅಂತ ಬರೆದಿದ್ದರೆ, ಅಷ್ಟೂ ತಿಂಗಳು ಆಕೆ ನೌಕರಳಲ್ಲ, ಸಾರ್ವಜನಿಕ ವಿಮೆಯೂ ಶುರುವಾಗಿರುವುದಿಲ್ಲ. ಸಂಬಳ ಎಣಿಕೆಯಾಗುವ ತಾರೀಖು ಯಾವುದು ಎಂದು ಆಸ್ಪತ್ರೆಯವರಿಂದ ಇಮೇಲಿನಲ್ಲಿ ಬರೆಸಿಕೊಳ್ಳಿ.

ಇನ್ನು ಅರ್ಜಿ. ಈ ವಿಮೆಯನ್ನು ನಡೆಸುವುದು ಸರ್ಕಾರದ ಒಂದೇ ಕಚೇರಿ ಅಲ್ಲ, 'ಕ್ರಾಂಕನ್‌ಕಾಸ್ಸೆ' (ಚಿಕ್ಕದಾಗಿ ಕಾಸ್ಸೆ) ಎಂಬ ಹಲವು ಸಂಸ್ಥೆಗಳು. ಟಿಕೆ, ಬಾರ್ಮರ್ ದೇಶದಾದ್ಯಂತ ಇವೆ, ಲೈಪ್ಸಿಗ್ ಇರುವ ಸ್ಯಾಕ್ಸನಿ ರಾಜ್ಯಕ್ಕೆ ಮತ್ತು ಥುರಿಂಗಿಯಾಕ್ಕೆ ಎಒಕೆ ಪ್ಲಸ್ ಇದೆ. ಸೌಲಭ್ಯದಲ್ಲಿ ಹೆಚ್ಚಿನದು ಕಾನೂನಿನಲ್ಲೇ ನಿಗದಿ, ಎಲ್ಲ ಕಡೆ ಒಂದೇ. ವ್ಯತ್ಯಾಸ ಇರುವುದು ಹೆಚ್ಚುವರಿ ಕಂತಿನ ದರದಲ್ಲಿ, ಇಂಗ್ಲಿಷ್‌ನಲ್ಲಿ ಮಾತಾಡುವವರು ಸಿಗುತ್ತಾರಾ ಎನ್ನುವುದರಲ್ಲಿ. ಇಲ್ಲಿಂದಲೇ ಆನ್‌ಲೈನ್‌ನಲ್ಲಿ ಅರ್ಜಿ ತುಂಬಬಹುದು. ಪಾಸ್‌ಪೋರ್ಟ್, ಕೆಲಸದ ಕಾಂಟ್ರಾಕ್ಟ್, ಕೆಲಸ ಶುರುವಾಗುವ ತಾರೀಖು, ಉದ್ಯೋಗದಾತರ ವಿಳಾಸ ಇದ್ದರೆ ಸಾಕು. ಕಾಸ್ಸೆಯ ಹೆಸರನ್ನು ಆಸ್ಪತ್ರೆಯ ಎಚ್‌ಆರ್‌ಗೆ ತಿಳಿಸಬೇಕು, ಉಳಿದ ವಿನಿಮಯ ಅವರವರ ನಡುವೆ ಕಂಪ್ಯೂಟರಿನಲ್ಲೇ ಆಗುತ್ತದೆ. ಕೆಲಸಕ್ಕೆ ಸೇರಿದ 14 ದಿನದೊಳಗೆ ಹೆಸರು ಕೊಡದಿದ್ದರೆ ಉದ್ಯೋಗದಾತರೇ ಯಾವುದಾದರೊಂದಕ್ಕೆ ಸೇರಿಸುತ್ತಾರೆ. ಒಮ್ಮೆ ಸೇರಿದರೆ ಸಾಮಾನ್ಯವಾಗಿ 12 ತಿಂಗಳು ಬದಲಿಸುವಂತಿಲ್ಲ.

ಕಡಿತದ ಲೆಕ್ಕ ಹೀಗೆ: ಮೂಲ ದರ 14.6%, 2026ರ ಸರಾಸರಿ ಹೆಚ್ಚುವರಿ 2.9%, ಒಟ್ಟು 17.5%. ಅರ್ಧ ಉದ್ಯೋಗದಾತರದ್ದು. 2,800ಕ್ಕೆ ತಂಗಿಯ ಪಾಲು 245 ಯೂರೋ. ಇದರ ಜೊತೆ ಆರೈಕೆ ವಿಮೆ (ವಯಸ್ಸಾಗಿಯೋ ಕಾಯಿಲೆಯಿಂದಲೋ ದೀರ್ಘಕಾಲ ಇನ್ನೊಬ್ಬರು ನೋಡಿಕೊಳ್ಳಬೇಕಾದಾಗಿನ ಖರ್ಚಿಗೆ) ಅಂತ 3.6% ಇದೆ. ಬೇರೆ ರಾಜ್ಯಗಳಲ್ಲಿ ಅದೂ ಅರ್ಧರ್ಧ, ಸ್ಯಾಕ್ಸನಿಯಲ್ಲಿ ಮಾತ್ರ ನೌಕರರ ಪಾಲು 2.3%. 1995ರಲ್ಲಿ ಈ ವಿಮೆ ಬಂದಾಗ ಉದ್ಯೋಗದಾತರ ಹೊರೆ ಸರಿದೂಗಿಸಲು ಬೇರೆ ರಾಜ್ಯಗಳು ಒಂದು ಹಬ್ಬದ ರಜೆ ಬಿಟ್ಟುಕೊಟ್ಟವು, ಸ್ಯಾಕ್ಸನಿ ರಜೆ ಉಳಿಸಿಕೊಂಡು ಕಂತನ್ನು ನೌಕರರ ಮೇಲೆ ಹಾಕಿತು. ಹಾಗಾಗಿ 64 ಯೂರೋ 40 ಸೆಂಟ್. ಎರಡೂ ಸೇರಿ 309 ಯೂರೋ ಚಿಲ್ಲರೆ.

23 ವರ್ಷ ದಾಟಿ ಮಕ್ಕಳಿಲ್ಲದವರಿಗೆ ಇನ್ನೂ 0.6% ಜಾಸ್ತಿ, ತಂಗಿಯ ಸಂಬಳಕ್ಕೆ ತಿಂಗಳಿಗೆ 16 ಯೂರೋ 80 ಸೆಂಟ್. ಮಗು ಇನ್ನೂ ಕೊಡಗಿನಲ್ಲೇ ಇದ್ದರೂ ಅವಳು ತಾಯಿ ಎಂಬುದು ಲೆಕ್ಕಕ್ಕೆ ಬರುತ್ತದೆ. ಆದರೆ ಜರ್ಮನಿಯ ದಾಖಲೆಯಲ್ಲಿ ಮಗು ಇಲ್ಲವಾದ್ದರಿಂದ ಸಂಬಳದ ವಿಭಾಗಕ್ಕೆ ತಾನಾಗಿ ಗೊತ್ತಾಗುವುದಿಲ್ಲ. ಮೊದಲ ದಿನವೇ ಜನನ ಪ್ರಮಾಣಪತ್ರದ ಪ್ರತಿ ಕೊಡಲಿ. ಮೊದಲ ಸಂಬಳದ ಚೀಟಿಯಲ್ಲಿ ಆರೈಕೆ ವಿಮೆಯ ಸಾಲು ನೋಡಿ, 64.40ರ ಬದಲು 81.20 ಇದ್ದರೆ ಪತ್ರ ಲೆಕ್ಕಕ್ಕೆ ಸೇರಿಲ್ಲ ಅಂತಲೇ ಅರ್ಥ.

---

ಕಾವೇರಿ ತೀರ:
ಮೇಲಿನವರು ಹೇಳಿದ್ದು ಸರಿಯಾಗಿದೆ. ನಾನು ಕಾಗದ ಮತ್ತು ಹೆಸರಿನ ವಿಷಯ ಮಾತ್ರ ಸೇರಿಸುತ್ತೇನೆ. ನಮ್ಮ ಕಡೆಯವರಿಗೆ ಹೆಚ್ಚು ತೊಡಕಾಗುವುದು ಅಲ್ಲೇ.

ನಮ್ಮಲ್ಲಿ ಮನೆ ಹೆಸರು ಮುಂದೆ, ಸ್ವಂತ ಹೆಸರು ಆಮೇಲೆ. ಪಾಸ್‌ಪೋರ್ಟ್‌ನಲ್ಲಿ ಕೆಲವರಿಗೆ ಸರ್‌ನೇಮ್ ಕಾಲಂ ಖಾಲಿ, ಕೆಲವರಿಗೆ ಅಲ್ಲಿ ಅಪ್ಪನ ಹೆಸರು, ಕೆಲವರಿಗೆ ಮನೆ ಹೆಸರು. ಮದುವೆಯಾದ ಮೇಲೆ ಹೆಣ್ಣುಮಕ್ಕಳಿಗೆ ಗಂಡನ ಒಕ್ಕದ, ಅಂದರೆ ಮನೆತನದ, ಹೆಸರು ಬರುವುದೂ ಉಂಟು. ಜರ್ಮನಿಯಲ್ಲಿ ಆಸ್ಪತ್ರೆಯ ಎಚ್‌ಆರ್ ಒಂದು ಥರ, ಕಾಸ್ಸೆ ಇನ್ನೊಂದು ಥರ, ವಿಳಾಸ ನೋಂದಣಿ ಕಚೇರಿ ಮತ್ತೊಂದು ಥರ ಬರೆದುಕೊಂಡರೆ ಒಬ್ಬಳೇ ಮನುಷ್ಯಳಿಗೆ ಎರಡು ಸಾಮಾಜಿಕ ಭದ್ರತಾ ಸಂಖ್ಯೆ ಹುಟ್ಟಿಕೊಳ್ಳುತ್ತವೆ. ಆ ಸಂಖ್ಯೆಯ ರಚನೆಯಲ್ಲೇ ಇದಕ್ಕೆ ದಾರಿ ಇದೆ: 12 ಸ್ಥಾನ, ಮೊದಲೆರಡು ಪ್ರದೇಶದ್ದು, ಆಮೇಲಿನ ಆರು ಹುಟ್ಟಿದ ದಿನಾಂಕ, ಒಂಬತ್ತನೆಯದು ಹುಟ್ಟಿನಿಂದ ಬಂದ ಸರ್‌ನೇಮ್‌ನ ಮೊದಲ ಅಕ್ಷರ. ಒಂದು ಕಡೆ ತವರಿನ ಹೆಸರು, ಇನ್ನೊಂದು ಕಡೆ ಗಂಡನ ಮನೆ ಹೆಸರು ಕೊಟ್ಟರೆ ಅಕ್ಷರ ಬೇರೆ, ಸಂಖ್ಯೆ ಬೇರೆ. ಕಂತು ಒಂದಕ್ಕೆ ಹೋಗಿ ವಿಮೆಯ ಕಾರ್ಡ್ ಇನ್ನೊಂದಕ್ಕೆ ಸೇರಿದರೆ ಸರಿಮಾಡಿಸಲು ಓಡಾಟವೋ ಓಡಾಟ.

ಆದ್ದರಿಂದ ಪಾಸ್‌ಪೋರ್ಟ್‌ನ ಫೋಟೋ ಇರುವ ಪುಟದ ಕೆಳಗೆ ಯಂತ್ರ ಓದುವ ಎರಡು ಸಾಲು ಇದೆಯಲ್ಲ, ಅಲ್ಲಿ ಹೆಸರು ಹೇಗಿದೆಯೋ ಅದೇ ಕಾಗುಣಿತ, ಅದೇ ಕ್ರಮ ಎಲ್ಲ ಅರ್ಜಿಯಲ್ಲೂ ಇರಲಿ. 'ಗೆಬುರ್ಟ್ಸ್‌ನಾಮೆ' ಎಂಬ ಕಾಲಂನಲ್ಲಿ ಮದುವೆಗೆ ಮುಂಚಿನ ಸರ್‌ನೇಮ್, ಅಂದರೆ ತವರು ಒಕ್ಕದ ಹೆಸರು. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಇದ್ದರೆ ಹೊರಡುವ ಮೊದಲೇ ತಿದ್ದಿಸಿಕೊಳ್ಳುವುದು ಒಳ್ಳೆಯದು. ವೀಸಾ ಬಂದ ಮೇಲೆ ಪಾಸ್‌ಪೋರ್ಟ್ ಬದಲಿಸಿದರೆ ಅದೊಂದು ಬೇರೆ ತಲೆನೋವು.

ಕಾಗದಗಳು: ಮದುವೆ ಮಂಟಪದಲ್ಲಿ ಆಗಿದ್ದು, ನೋಂದಣಿ ಮಾಡಿಸದೆ ಉಳಿದಿದ್ದರೆ ಈಗಲೇ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಮಾಡಿಸಿ. ಆಮಂತ್ರಣ ಪತ್ರ, ಫೋಟೋ ಅಲ್ಲಿ ಯಾವ ಲೆಕ್ಕಕ್ಕೂ ಇಲ್ಲ. ಮಗಳ ಜನನ ಪ್ರಮಾಣಪತ್ರ ಹಳೆಯ ಕೈಬರಹದ್ದಾಗಿದ್ದರೆ ಇ-ಜನ್ಮದ (ರಾಜ್ಯದ ಆನ್‌ಲೈನ್ ಜನನ–ಮರಣ ನೋಂದಣಿ) ಕನ್ನಡ–ಇಂಗ್ಲಿಷ್ ಎರಡೂ ಇರುವ ಪ್ರತಿ ತೆಗೆಸಿಕೊಳ್ಳಿ. ಅದರಲ್ಲಿರುವ ತಾಯಿ ಹೆಸರು ಪಾಸ್‌ಪೋರ್ಟ್‌ಗೆ ಹೊಂದುತ್ತದಾ ನೋಡಿ. ವಿಮೆಗೆ ಅಪೊಸ್ಟೀಲ್ (ದಾಖಲೆ ಅಸಲಿ ಎಂದು ಬೇರೆ ದೇಶಕ್ಕೆ ತೋರಿಸಲು ಹಾಕಿಸುವ ಸರ್ಕಾರಿ ಮುದ್ರೆ) ಮಾಡಿಸಲು ದುಡ್ಡು ಸುರಿಯಬೇಡಿ. 2005ರಲ್ಲಿ ಭಾರತ ಆ ಒಪ್ಪಂದಕ್ಕೆ ಸೇರಿದಾಗಲೇ ಜರ್ಮನಿ ಆಕ್ಷೇಪ ಎತ್ತಿತ್ತು, ನಮ್ಮ ಅಪೊಸ್ಟೀಲ್‌ಗೆ ಅಲ್ಲಿ ಬೆಲೆ ಇಲ್ಲ. ಕಾಸ್ಸೆಗೆ ಪ್ರತಿ ಸಾಕು. ಜರ್ಮನ್ ಅನುವಾದ ಕೇಳಿದರೆ ಅಲ್ಲಿನ ಪ್ರಮಾಣಿತ ಅನುವಾದಕರಿಂದ ಮಾಡಿಸಬಹುದು.

ಕಾರ್ಡ್ ಬರುವುದು ಅಂಚೆಯಲ್ಲಿ. ಬಾಡಿಗೆ ಮನೆಯ ಅಂಚೆ ಪೆಟ್ಟಿಗೆ ಮೇಲೆ ತಂಗಿಯ ಹೆಸರು ಇಲ್ಲದಿದ್ದರೆ ಪೋಸ್ಟ್‌ಮ್ಯಾನ್ ಹಾಕದೆ ವಾಪಸ್ ಕಳಿಸುತ್ತಾನೆ. ಹಾಸ್ಟೆಲ್ಲೋ, ಇನ್ನೊಬ್ಬರ ಜೊತೆ ಹಂಚಿಕೊಂಡ ಮನೆಯೋ ಆದರೆ ಪೆಟ್ಟಿಗೆಗೆ ಹೆಸರಿನ ಚೀಟಿ ಅಂಟಿಸುವುದು ಮೊದಲ ಕೆಲಸ. ಕಾರ್ಡ್‌ಗೆ ಫೋಟೋವನ್ನು ಕಾಸ್ಸೆಯ ಆ್ಯಪ್‌ನಲ್ಲೇ ಹಾಕಬಹುದು, 15 ವರ್ಷದೊಳಗಿನ ಮಕ್ಕಳಿಗೆ ಫೋಟೋ ಬೇಡ. ಕಾರ್ಡ್ ಬರುವ ಮೊದಲೇ ಜ್ವರ ಬಂದರೆ ಕಾಸ್ಸೆಗೆ ಫೋನ್ ಮಾಡಿ 'ಎರ್ಜಾಟ್ಸ್‌ಬೆಷೈನಿಗುಂಗ್' ಎಂಬ ತಾತ್ಕಾಲಿಕ ಪತ್ರ ಕೇಳಬೇಕು, ಡಾಕ್ಟರ್ ಅದನ್ನು ಒಪ್ಪುತ್ತಾರೆ. ಏನೂ ಇಲ್ಲದೆ ಹೋದರೆ, 10 ದಿನದೊಳಗೆ ಪುರಾವೆ ಕೊಡದಿದ್ದಾಗ ಡಾಕ್ಟರ್ ಖಾಸಗಿ ಬಿಲ್ ಕಳಿಸಬಹುದು. ಆ ಮೂರು ತಿಂಗಳ ಕ್ವಾರ್ಟರ್ ಮುಗಿಯುವುದರೊಳಗೆ ತೋರಿಸಿದರೆ ಕಟ್ಟಿದ ದುಡ್ಡು ವಾಪಸ್ ಕೊಡಬೇಕು.

---

ತೋಟದ ಲೆಕ್ಕ:
ಭಾವನ ವಿಷಯ ಯಾರೂ ಮುಟ್ಟಲಿಲ್ಲ. ಕೊಡಗಿನ ಮನೆಗಳಿಗೆ ಇದು ಮುಖ್ಯ, ಸ್ವಲ್ಪ ಉದ್ದವಾದರೂ ಓದಿ.

ಗಂಡ ಮತ್ತು ಮಗು 'ಫಮೀಲಿಯನ್‌ಫರ್ಜಿಖರುಂಗ್', ಅಂದರೆ ಕುಟುಂಬ ವಿಮೆಯಡಿ ಒಂದು ಪೈಸೆ ಹೆಚ್ಚಿಗೆ ಕಟ್ಟದೆ ಸೇರಬಹುದು. ಮುಖ್ಯವಾಗಿ ಎರಡು ಷರತ್ತು: ವಾಸ ಜರ್ಮನಿಯಲ್ಲಿ ಇರಬೇಕು, ಸ್ವಂತ ಆದಾಯ ಮಿತಿಯೊಳಗೆ ಇರಬೇಕು. ಇಲ್ಲಿ ಇರುವಷ್ಟು ಕಾಲ ಅವರು ಅದರಲ್ಲಿ ಬರುವುದಿಲ್ಲ. ಅಲ್ಲಿ ಇಳಿದು ವಿಳಾಸ ನೋಂದಾಯಿಸಿದ ಕೂಡಲೇ ತಂಗಿ ತನ್ನ ಕಾಸ್ಸೆಗೆ ಕುಟುಂಬದ ಅರ್ಜಿ ತುಂಬಬೇಕು.

2026ಕ್ಕೆ ಆದಾಯದ ಮಿತಿ ತಿಂಗಳಿಗೆ 565 ಯೂರೋ, ಸಣ್ಣ 'ಮಿನಿಜಾಬ್' ಮಾಡಿದರೆ 603. ಬರೀ ಜರ್ಮನಿಯಲ್ಲಿ ದುಡಿದದ್ದಲ್ಲ, ಎಲ್ಲಿಂದ ಬಂದರೂ ಆದಾಯವೇ. ಕಾಫಿ, ಕರಿಮೆಣಸು, ಊರಿನ ಅಂಗಡಿ ಬಾಡಿಗೆ, ಹೋಮ್‌ಸ್ಟೇ, ಬ್ಯಾಂಕ್ ಬಡ್ಡಿ ಎಲ್ಲ ಸೇರುತ್ತದೆ. ಕೃಷಿ ಆದಾಯಕ್ಕೆ ನಮ್ಮಲ್ಲಿ ಇನ್‌ಕಮ್ ಟ್ಯಾಕ್ಸ್ ಇಲ್ಲ, ಹಾಗಾಗಿ ಅರ್ಜಿಯಲ್ಲಿ ಬರೆಯಬೇಕಿಲ್ಲ ಅಂದುಕೊಂಡು 'ಆದಾಯ ಇಲ್ಲ' ಎಂದು ತುಂಬಿಬಿಡುತ್ತಾರೆ. ತೆರಿಗೆ ಇಲ್ಲ ಅನ್ನುವುದಕ್ಕೂ ಆದಾಯ ಇಲ್ಲ ಅನ್ನುವುದಕ್ಕೂ ಸಂಬಂಧವಿಲ್ಲ. 565 ಯೂರೋ ಅಂದರೆ ಈಗಿನ ದರದಲ್ಲಿ ಐವತ್ತೈದು–ಅರವತ್ತು ಸಾವಿರ ರೂಪಾಯಿ, ರೋಬಸ್ಟಾಗೆ ಒಳ್ಳೆಯ ಬೆಲೆ ಇರುವ ವರ್ಷ ನಾಲ್ಕೈದು ಎಕರೆಯ ತೋಟವೂ ಅದನ್ನು ದಾಟಬಹುದು.

ನೋಡುವುದು ಖರ್ಚು ಕಳೆದ ನಿವ್ವಳ ಆದಾಯ. ಕೊಯ್ಲಿನ ಕೂಲಿ, ಗೊಬ್ಬರ, ಕಪಾತು, ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್‌ಗೆ ಸುರಿದ ಡೀಸೆಲ್, ಎಲ್ಲ ಕಳೆಯಲಿ. ಕಾಫಿ ಮಾರಿದ ಬಿಲ್, ಖರ್ಚಿನ ಪುಸ್ತಕ ಇಟ್ಟುಕೊಂಡವರಿಗೆ ಇದು ಸಲೀಸು. ಆದಾಯ ವರ್ಷಕ್ಕೊಮ್ಮೆ ಗಂಟಾಗಿ ಬರುವುದರಿಂದ ಹನ್ನೆರಡಕ್ಕೆ ಭಾಗಿಸಿ ತಿಂಗಳ ಸರಾಸರಿ ತೋರಿಸಬೇಕು. ಜಮ್ಮಾ ಜಾಗ (ಕೊಡಗಿನ ವಂಶಪಾರಂಪರ್ಯದ ಹಿಡುವಳಿ), ಪಹಣಿ ಹಿರಿಯರ ಹೆಸರಲ್ಲಿ, ಬಂದದ್ದನ್ನು ಅಣ್ಣತಮ್ಮಂದಿರು ಹಂಚಿಕೊಳ್ಳುತ್ತಾರೆ ಎಂದಾದರೆ ಭಾವನ ಕೈಗೆ ನಿಜವಾಗಿ ಬರುವ ಪಾಲು ಎಷ್ಟು ಎಂದು ಒಂದು ಪುಟದಲ್ಲಿ ಬರೆದು ಮನೆಯವರ ಸಹಿ ಹಾಕಿಸಿ ಇಟ್ಟುಕೊಳ್ಳಿ. ಕಾಸ್ಸೆಯ ಗುಮಾಸ್ತರಿಗೆ ಜಮ್ಮಾ ಅಂದರೆ ಏನೂ ತಿಳಿಯದು, ಸ್ಪಷ್ಟವಾಗಿ ವಿವರಿಸಿದರೆ ಒಪ್ಪುವ ಸಾಧ್ಯತೆ ಹೆಚ್ಚು.

ಮುಚ್ಚಿಡಬೇಡಿ. ಕಾಸ್ಸೆ ಕಾಲಕಾಲಕ್ಕೆ ಪ್ರಶ್ನಾವಳಿ ಕಳಿಸಿ ಆದಾಯ ಕೇಳುತ್ತದೆ. ಮಿತಿ ದಾಟಿದ್ದು ಆಮೇಲೆ ಗೊತ್ತಾದರೆ ಕುಟುಂಬ ವಿಮೆಯನ್ನು ಹಿಂದಿನ ತಾರೀಖಿನಿಂದಲೇ ತೆಗೆದುಹಾಕುತ್ತಾರೆ, ನಡುವೆ ಆದ ಖರ್ಚು ತಲೆಮೇಲೆ ಬರುತ್ತದೆ.

ಆದಾಯ ಮಿತಿ ದಾಟುವುದಾದರೆ ಭಾವನಿಗೆ ಸ್ವಂತ ವಿಮೆ ಬೇಕು. ಅದಕ್ಕೆ ಸುಲಭದ ದಾರಿ ಅಲ್ಲಿ ಒಂದು ಕೆಲಸ ಹಿಡಿಯುವುದು: ತಿಂಗಳಿಗೆ 603ಕ್ಕಿಂತ ಹೆಚ್ಚು ಸಂಬಳದ ಯಾವ ನೌಕರಿಯಾದರೂ ಅವರೇ ನೇರ ಸದಸ್ಯರಾಗುತ್ತಾರೆ, ಊರಿನ ತೋಟದ ಆದಾಯ ಎಷ್ಟಿದ್ದರೂ ಕಂತು ಆ ಸಂಬಳದ ಮೇಲೆ. ಆದರೆ ತೋಟವೇ ಅವರ ಮುಖ್ಯ ಕಸುಬು ಎಂದು ಕಾಸ್ಸೆಗೆ ಕಂಡರೆ ಈ ದಾರಿ ಮುಚ್ಚುತ್ತದೆ. ಹಾಗಾಗಿ ಉಸ್ತುವಾರಿ ಇನ್ನೊಬ್ಬರಿಗೆ ವಹಿಸಿದ್ದನ್ನು ಕಾಗದದಲ್ಲಿ ತೋರಿಸುವಂತಿರಲಿ. ಕೆಲಸವೂ ಇಲ್ಲ, ಮಿತಿಯೂ ದಾಟಿದೆ, ಮೊದಲು ಅಲ್ಲಿನ ವಿಮೆಯೂ ಇರಲಿಲ್ಲ ಅಂದರೆ ಸಾರ್ವಜನಿಕ ಕಾಸ್ಸೆಗೆ ಸೇರುವುದು ಬಹಳ ಕಷ್ಟ. ಮಾರ್ಚಿಗೆ ಮೊದಲೇ ಈ ಲೆಕ್ಕ ಹಾಕಿಟ್ಟುಕೊಳ್ಳಿ.

ಮಗುವಿಗೆ ಚಿಂತೆ ಬೇಡ. ತಾಯಿಯ ವಿಮೆಯಲ್ಲಿ 18ರವರೆಗೆ, ಓದುತ್ತಿದ್ದರೆ 25ರವರೆಗೆ ಇರಬಹುದು.

---

ಕುಶಾಲನಗರ ಸರ್ಕಲ್:
ಇದೇ ಎಳೆಯಲ್ಲಿ ಒಂದು ಪ್ರಶ್ನೆ. ನಮ್ಮ ಚಿಕ್ಕಪ್ಪನ ಮಗ 31ರಲ್ಲಿ ಮಾಸ್ಟರ್ಸ್‌ಗೆ ಹೋಗುತ್ತಿದ್ದಾನೆ. ಅವನಿಗೂ ಇದೇ ನಿಯಮವಾ?

---

ಮಡಿಕೇರಿ ಪೇಟೆ:
ಅಲ್ಲ. ವಿದ್ಯಾರ್ಥಿಗಳ ದರದಲ್ಲಿ, ತಿಂಗಳಿಗೆ 140–150 ಯೂರೋಕ್ಕೆ, ಸಾರ್ವಜನಿಕ ವಿಮೆ ಸಿಗುವುದು 30 ತುಂಬುವ ಸೆಮಿಸ್ಟರ್‌ವರೆಗೆ ಮಾತ್ರ. ಭಾರತದಿಂದ ನೇರ ಹೋಗುವ 31ರವರು ಸಾಮಾನ್ಯವಾಗಿ ಪ್ರೈವೇಟ್ ವಿಮೆಯನ್ನೇ ತೆಗೆದುಕೊಳ್ಳಬೇಕು. ಅದು ಪ್ರವಾಸ ವಿಮೆಯಾಗಿರಬಾರದು, ಓದಿನ ಪೂರ್ತಿ ಅವಧಿಗೆ ಮಾನ್ಯವಾದದ್ದಾಗಿರಬೇಕು. ಯೂನಿವರ್ಸಿಟಿ ದಾಖಲಾತಿಗೆ ಸಾರ್ವಜನಿಕ ಕಾಸ್ಸೆಯೊಂದು ಯೂನಿವರ್ಸಿಟಿಗೆ ವಿದ್ಯುನ್ಮಾನವಾಗಿ ಸ್ಥಿತಿ ತಿಳಿಸಬೇಕು, ಪ್ರೈವೇಟ್ ಇದ್ದವರಿಗೂ ಹಾಗೇ. ಅದಕ್ಕಾಗಿ ಯಾವುದಾದರೊಂದು ಕಾಸ್ಸೆಗೆ ಬರೆಯಲಿ, ಅವರು ಅದಕ್ಕೆ ದುಡ್ಡು ಕೇಳುವುದಿಲ್ಲ. ಓದು ಮುಗಿಸಿ ಮಿತಿಗಿಂತ ಕಡಿಮೆ ಸಂಬಳದ ಕೆಲಸಕ್ಕೆ ಸೇರಿದರೆ ತಾನಾಗಿ ಸಾರ್ವಜನಿಕಕ್ಕೆ ಬರುತ್ತಾನೆ.

30ರೊಳಗಿನವರು ಒಂದು ಎಚ್ಚರ ವಹಿಸಬೇಕು. ಅಗ್ಗ ಅಂತ ಪ್ರೈವೇಟ್ ಆರಿಸಿ ಸಾರ್ವಜನಿಕದಿಂದ ವಿನಾಯಿತಿ ಪಡೆದರೆ ಓದು ಮುಗಿಯುವವರೆಗೆ ಹಿಂದೆ ಬರಲಾಗದು.

---

ವಿರಾಜಪೇಟೆ ಅಕ್ಕ:
ಅಮ್ಮನ ಬಗ್ಗೆ ಹೇಳುತ್ತೇನೆ. ತಂದೆತಾಯಿ ಕುಟುಂಬ ವಿಮೆಯಲ್ಲಿ ಬರುವುದಿಲ್ಲ, ಎಷ್ಟೇ ಅವಲಂಬಿತರಾದರೂ ಇಲ್ಲ. ಭೇಟಿಗೆ ಹೋಗುವುದಾದರೆ ಷೆಂಗೆನ್ ವೀಸಾ, 180 ದಿನದಲ್ಲಿ 90 ದಿನ. ಕನಿಷ್ಠ 30,000 ಯೂರೋ ರಕ್ಷಣೆಯ ಪ್ರವಾಸ ವಿಮೆ ಕಡ್ಡಾಯ. ಕನಿಷ್ಠಕ್ಕೆ ನಿಲ್ಲಬೇಡಿ, ಅಲ್ಲಿ ಐಸಿಯು ಬಿಲ್ ಅದನ್ನು ಬೇಗ ದಾಟುತ್ತದೆ. ಪಾಲಿಸಿಯಲ್ಲಿ ಶುಗರ್, ಬಿಪಿ ಇದೆ ಎಂದು ನಿಜ ಬರೆಯಿರಿ. ಮೊದಲೇ ಇದ್ದ ಕಾಯಿಲೆಯ ತುರ್ತು ಸ್ಥಿತಿಗೆ ಎಷ್ಟು ಕೊಡುತ್ತಾರೆ ಎನ್ನುವ ಸಾಲನ್ನು ಹುಡುಕಿ ಓದಿ. ಸುಮಾರು ಪಾಲಿಸಿಗಳಲ್ಲಿ ಅದು ಬಹಳ ಕಡಿಮೆ ಅಥವಾ ಶೂನ್ಯ.

ಮಾತ್ರೆ ಇಲ್ಲಿಂದಲೇ ಒಯ್ಯಲಿ. ಸ್ವಂತ ಬಳಕೆಗೆ ಮೂರು ತಿಂಗಳಿಗೆ ಸಾಲುವಷ್ಟು ತೆಗೆದುಕೊಂಡು ಹೋಗಬಹುದು. ಚೀಟಿಯಲ್ಲಿ ಬ್ರ್ಯಾಂಡ್ ಜೊತೆ ಔಷಧದ ಮೂಲ ಹೆಸರನ್ನೂ ಡಾಕ್ಟರ್ ಇಂಗ್ಲಿಷ್‌ನಲ್ಲಿ ಬರೆದು ಸೀಲ್ ಹಾಕಲಿ, ನಮ್ಮ ಬ್ರ್ಯಾಂಡ್ ಹೆಸರು ಅಲ್ಲಿನ ಫಾರ್ಮಸಿಗೆ ಗೊತ್ತಿರುವುದಿಲ್ಲ. ಇನ್ಸುಲಿನ್ ಕೈಚೀಲದಲ್ಲೇ ಇರಲಿ, ಚೆಕ್-ಇನ್ ಲಗೇಜಿನಲ್ಲಿ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು.

ಖಾಯಂ ಕರೆಸಿಕೊಳ್ಳುವ ಯೋಚನೆ ಇದ್ದರೆ: 2024ರ ಮಾರ್ಚ್ 1ರ ನಂತರ ಮೊದಲ ಬಾರಿಗೆ ನುರಿತ ಕೆಲಸಗಾರರ ಪರವಾನಗಿ ಪಡೆದವರು ತಂದೆತಾಯಿಯನ್ನು ಕರೆಸಿಕೊಳ್ಳಲು ಕಾನೂನಿನಲ್ಲಿ ಅವಕಾಶ ಬಂದಿದೆ. ಕಷ್ಟ ಇರುವುದು ವಿಮೆಯಲ್ಲೇ. ಆ ವಯಸ್ಸಿನವರಿಗೆ ಸಾರ್ವಜನಿಕ ವಿಮೆ ಸಿಗದು, ಪ್ರೈವೇಟ್ ಕಂಪನಿಯ ಮೂಲ ದರದ ಯೋಜನೆಯ ಮೇಲ್ಮಿತಿಯೇ ತಿಂಗಳಿಗೆ ಸಾವಿರ ಯೂರೋ ದಾಟುತ್ತದೆ. ತಂಗಿಗೆ ಪೂರ್ತಿ ಮಾನ್ಯತೆ, ಪೂರ್ತಿ ಸಂಬಳ ಬಂದ ಮೇಲೆ ನೋಡುವ ವಿಷಯ ಅದು.

---

ಗೋಣಿಕೊಪ್ಪಲಿನವ:
ಎಲ್ಲರಿಗೂ ತುಂಬಾ ಉಪಕಾರ. ಏಜೆಂಟ್‌ಗೆ ಎರಡು ವಾರದ ಪಾಲಿಸಿ ಸಾಕು ಎಂದು ಇವತ್ತೇ ಹೇಳುತ್ತೇನೆ. ಭಾವನ ಬಿಲ್ಲುಗಳನ್ನು ಒಟ್ಟು ಮಾಡುತ್ತಿದ್ದೇವೆ. ಇನ್ನೆರಡು ಸಂಶಯ. ಕಾರ್ಡ್ ಇದ್ದರೆ ಚಿಕಿತ್ಸೆ ಪೂರ್ತಿ ಉಚಿತವಾ? ಪುತ್ತರಿಗೆ ರಜೆಯಲ್ಲಿ ಊರಿಗೆ ಬಂದಾಗ ಇಲ್ಲಿ ಏನಾದರೂ ಆದರೆ ಆ ವಿಮೆ ನಡೆಯುತ್ತದಾ?

---

ಕಾವೇರಿ ತೀರ:
ಡಾಕ್ಟರ್ ಭೇಟಿಗೆ ದುಡ್ಡಿಲ್ಲ. ಔಷಧಕ್ಕೆ ಬೆಲೆಯ 10%, ಕನಿಷ್ಠ 5, ಗರಿಷ್ಠ 10 ಯೂರೋ. ಆಸ್ಪತ್ರೆಯಲ್ಲಿ ಮಲಗಿದರೆ ದಿನಕ್ಕೆ 10 ಯೂರೋ, ವರ್ಷಕ್ಕೆ 28 ದಿನದವರೆಗೆ. 18ರೊಳಗಿನವರಿಗೆ ಈ ಎರಡೂ ಇಲ್ಲ. ವರ್ಷದ ಒಟ್ಟು ಕೈಖರ್ಚು ಕುಟುಂಬದ ಆದಾಯದ 2% ದಾಟಿದರೆ, ದೀರ್ಘಕಾಲದ ಕಾಯಿಲೆ ಇದ್ದವರಿಗೆ 1% ದಾಟಿದರೆ, ಉಳಿದದ್ದಕ್ಕೆ ವಿನಾಯಿತಿ ಕೇಳಬಹುದು. ಅದಕ್ಕೇ ಎಲ್ಲ ರಸೀದಿ ಇಟ್ಟುಕೊಳ್ಳಲಿ.

ಹಲ್ಲಿನ ಕ್ರೌನ್, ಬ್ರಿಡ್ಜ್‌ಗೆ ಕಾಸ್ಸೆ ಕೊಡುವುದು ಸಾಮಾನ್ಯ ಚಿಕಿತ್ಸೆಯ ವೆಚ್ಚದ 60%, ಉಳಿದದ್ದು ಕೈಯಿಂದ. ದೊಡ್ಡವರ ಕನ್ನಡಕಕ್ಕೆ ಬಹುತೇಕ ಏನೂ ಇಲ್ಲ. ಆದ್ದರಿಂದ ಹೊರಡುವ ಮೊದಲು ಮೂವರೂ ಹಲ್ಲು ತೋರಿಸಿ ಬಾಕಿ ಕೆಲಸ ಇಲ್ಲೇ ಮುಗಿಸಲಿ, ಎರಡು ಜೊತೆ ಕನ್ನಡಕ ಮಾಡಿಸಿಕೊಳ್ಳಲಿ.

ಊರಿಗೆ ಬಂದಾಗ ಆ ಕಾರ್ಡ್ ನಡೆಯುವುದಿಲ್ಲ. ಆರೋಗ್ಯ ವಿಮೆಗೆ ಎರಡು ದೇಶಗಳ ನಡುವೆ ಒಪ್ಪಂದವಿಲ್ಲ, ಈಗಿರುವ ಸಾಮಾಜಿಕ ಭದ್ರತಾ ಒಪ್ಪಂದ ಪಿಂಚಣಿಗೆ ಸಂಬಂಧಿಸಿದ್ದು. ರಜೆಗೆ ಮುಂಚೆ ಜರ್ಮನಿಯಲ್ಲೇ ಪ್ರವಾಸ ಆರೋಗ್ಯ ವಿಮೆ ತೆಗೆದುಕೊಳ್ಳಲಿ, ವರ್ಷದ ಪಾಲಿಸಿ ಅಗ್ಗ. ಎರಡು ಸಾಲು ಓದಬೇಕು: ಒಂದು ಪ್ರವಾಸಕ್ಕೆ ಎಷ್ಟು ವಾರದವರೆಗೆ ರಕ್ಷಣೆ, ಮತ್ತು ಪೌರತ್ವ ಇರುವ ದೇಶವನ್ನು ಹೊರಗಿಟ್ಟಿದ್ದಾರಾ. ಎರಡನೆಯದು ಇದ್ದರೆ ಆ ಪಾಲಿಸಿ ಬೇಡ. ಇಲ್ಲಿ ಈಗಾಗಲೇ ಇರುವ ಫ್ಯಾಮಿಲಿ ಫ್ಲೋಟರ್ ಪಾಲಿಸಿಯನ್ನು ನಿಲ್ಲಿಸುವ ಅವಸರ ಬೇಡ, ನಿಲ್ಲಿಸಿ ಮುಂದೆ ಹೊಸದು ತೆಗೆದರೆ ಕಾಯುವ ಅವಧಿ ಮತ್ತೆ ಮೊದಲಿನಿಂದ.

ಕೆಲಸ ಬಿಟ್ಟು ಪೂರ್ತಿ ವಾಪಸ್ ಬರುವ ದಿನ ಬಂದರೆ ವಿಳಾಸ ರದ್ದತಿಯ ಪತ್ರವನ್ನು ಕಾಸ್ಸೆಗೆ ಕಳಿಸಲೇಬೇಕು. ಕಳಿಸದಿದ್ದರೆ ಅವರ ಲೆಕ್ಕದಲ್ಲಿ ತಂಗಿ ಅಲ್ಲೇ ಇದ್ದಾಳೆ, ಕಂತು ಬೆಳೆಯುತ್ತಾ ಹೋಗುತ್ತದೆ.